ಬ್ರೇಕಿರುವ ಸೀಟು

ಫೆಬ್ರವರಿ ೯

ಈ ಕಾಗದವನ್ನು ಕೈಯಲ್ಲಿ ಹಿಡಿದಿರುವವರು ಯಾರೇ ಆಗಲಿ, ಮೊದಲು ತಾವು ಯಾರೆಂದು ತಮ್ಮನ್ನೇ ಕೇಳಿಕೊಳ್ಳಲಿ. ಮೊಮ್ಮಗಳಾಗಿದ್ದರೆ ಮುಂದೆ ಓದಬಹುದು. ಮೊಮ್ಮಗಳ ತಾಯಿಯಾಗಿದ್ದರೆ, ನಾಚಿಕೆಗೆಟ್ಟವಳೇ, ಲಕೋಟೆಗೆ ಕೆಟಲಿನ ಹಬೆ ಹಿಡಿದು ಗೋಂದು ಬಿಡಿಸಿದ್ದು ಸಾಕು, ಹೇಗಿತ್ತೋ ಹಾಗೆ ಮಡಚಿ ಒಳಗಿಡು. ಹೋದ ಸಲ ನೀನು ತಿರುಗಿ ಅಂಟಿಸಿದ್ದು ಸೊಟ್ಟಗಿತ್ತಂತೆ. ಇಷ್ಟು ವರ್ಷ ಆಸ್ಪತ್ರೆಯಲ್ಲಿ ಜನರ ಗಾಯಕ್ಕೆ ಪಟ್ಟಿ ಅಂಟಿಸಿದ ನರ್ಸಮ್ಮನಿಗೆ ಒಂದು ಲಕೋಟೆ ಅಂಟಿಸಲು ಬರುವುದಿಲ್ಲವೆಂದರೆ ಆ ರೋಗಿಗಳ ಗತಿ ಏನು? "ನಾನೆಲ್ಲಿ ಓದ್ದೆ" ಎಂದು ಈಗ ಗೊಣಗುತ್ತೀಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಈಗ ಮೊಮ್ಮಗಳಿಗೆ. ಕೂಸೇ, ಕ್ಷೇಮಸಮಾಚಾರ ಆಮೇಲೆ, ಮೊದಲು ನಿನ್ನ ಪಾಲಿನ ಬೈಗುಳ ತೆಗೆದುಕೋ. ಡಿಸೆಂಬರಿನಲ್ಲಿ ಬಂದವಳು ನನ್ನ ಅಂಗಡಿಯ ಟಾರ್ಪಾಲಿನ ರಾಶಿಯ ಮೇಲೆ ಕಾಲಾಡಿಸುತ್ತಾ ಕೂತು ಏನು ಹೇಳಿ ಹೋದೆ? "ಅಜ್ಜಿ, ಒಂದು ಹಳೇ ವ್ಯಾನು ತಗೊಂಡಿದ್ದೀನಿ. ಹಿಮ ಕರಗಲಿ, ನಿನ್ನ ಕೂರಿಸಿಕೊಂಡು ನಾಲ್ಕು ದೇಶ ದಾಟಿ ಚಿಕ್ಕಜ್ಜಿ ಮನೆ ಮುಂದೆ ಹಾರ್ನ್ ಹೊಡೀತೀನಿ" ಎಂದೆ. ನಾನು ಅವತ್ತೇ ಪೆಟ್ಟಿಗೆ ಕೆಳಗಿಳಿಸಿ ಧೂಳು ಒರೆಸಿದೆ. ಆಮೇಲೆ ಫೋನ್ ಮಾಡಿ ಕೇಳಿದರೆ "ಹೂಂ ಅಜ್ಜಿ, ನೋಡೋಣ ಅಜ್ಜಿ, ಕಲಿಯೋರು ಬಂದ್ರು ಅಜ್ಜಿ". ಕಾರು ಕಲಿಸುವವಳು ಎಂದರೆ ಇಷ್ಟು ಅವಸರವೇ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನಿಗೆ ಹೂಂಗುಟ್ಟಿ ಇಟ್ಟುಬಿಡಬಹುದು. ಕಾಗದ ಮೇಜಿನ ಮೇಲೆ ಬಿದ್ದುಕೊಂಡು ನಿನ್ನ ಮುಖವನ್ನೇ ನೋಡುತ್ತಿರುತ್ತದೆ.

ನಿನ್ನ ಚಿಕ್ಕಜ್ಜಿಯ ಕಾಗದ ಬಂದಿದೆ. ಅವಳಿಗೆ ಕಿವಿ ಪೂರ್ತಿ ಹೋಗಿದೆ, ಫೋನು ದಂಡ. ಲಾರಿಯ ಟಾರ್ಪಾಲು ಹೊಲಿಸಲು ನನ್ನ ಅಂಗಡಿಗೆ ಬಂದ ಡ್ರೈವರನ್ನು ಮೆಚ್ಚಿ ಅವನ ಹಿಂದೆ ಹೊರಟವಳು, ಹಿಮ ಬೀಳುವ ಬೆಟ್ಟದ ಕಣಿವೆ ದಾರಿಯ ಆಚೆ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡು ಕೂತಿದ್ದಾಳೆ. ಆತ ಹೋದ ಮೇಲೂ ತಾನೇ ಟೈರು ಬಿಚ್ಚುತ್ತಿದ್ದಳು. ಈಗ ಮಂಡಿ ಕೈಕೊಟ್ಟಿದೆಯಂತೆ, ಅಂಗಡಿಯಲ್ಲಿ ಕೂತು ಬೇರೆಯವರ ಕೈಯಲ್ಲಿ ಬಿಚ್ಚಿಸುತ್ತಾಳಂತೆ. ಅವಳು ಬರೆದದ್ದನ್ನು ಹಾಗೇ ಇಳಿಸುತ್ತೇನೆ:

"ಅಕ್ಕಾ, ನಿನ್ನ ಟಾರ್ಪಾಲಿನ ಮೂಲೆಗೆ ನೀನು ಹಾಕೋ ಕೆಂಪು ದಾರದ ಗುರುತು ಕಂಡರೆ, ಅಕ್ಕ ಚೆನ್ನಾಗಿದ್ದಾಳೆ ಅಂತ ಇಲ್ಲೇ ಕೂತು ತಿಳ್ಕೋತಿದ್ದೆ. ಹಿಮ ಬೀಳೋ ತನಕ ದಾರಿ ನೋಡಿದೆ. ಈ ಸಲ ಒಂದು ಲಾರೀಲೂ ಕೆಂಪು ದಾರ ಇಲ್ಲ. ಬದುಕಿದ್ದೀಯೋ ಇಲ್ಲವೋ, ಅದನ್ನಾದರೂ ಬರೆ."

ನೋಡು, ಹೇಗೆ ಕೇಳುತ್ತಾಳೆ! ಈಗೆಲ್ಲ ಮೇಲೆ ತಗಡು ಮುಚ್ಚಿದ ಡಬ್ಬಿ ಲಾರಿಗಳು ಬಂದಿವೆ, ಟಾರ್ಪಾಲು ಯಾರಿಗೆ ಬೇಕು, ಅದಕ್ಕೇ ನಾನು ಹೊಲಿಯುವುದು ಕಡಿಮೆಯಾಗಿದೆ ಎಂದು ಉತ್ತರ ಬರೆದೆ. ಬರೆದ ಮೇಲೆ ಕೂತು ಯೋಚಿಸಿದೆ. ನನ್ನ ಹೊಲಿಗೆ ಕಂಡ ದೇಶಗಳನ್ನು ನಾನು ಕಂಡಿಲ್ಲ. ಈ ಲಾರಿ ಅಡ್ಡೆಯಿಂದ ಹೊರಟ ಒಂದೊಂದು ಟಾರ್ಪಾಲೂ ಅವಳ ಬಾಗಿಲ ಮುಂದೆ ಹಾದುಹೋಗಿದೆ, ನಾನು ಮಾತ್ರ ಈ ಮಷೀನಿನ ಮುಂದೆಯೇ ಇದ್ದೇನೆ. ದಾರ ಹೋಗದಿದ್ದರೆ ಹೊಲಿದವಳೇ ಹೋಗಬೇಕು. ವಿಮಾನದ ಮಾತೆತ್ತಬೇಡ. ಮೋಡದ ಮೇಲೆ ಹಾರಿ ಹೋಗಿ ಅವಳ ಮುಂದೆ ಇಳಿದರೆ, ಅವಳು ಹೋದ ದಾರಿ ನನಗೆ ಕಂಡಹಾಗಾಯಿತೇ?

ಕಾಗದದ ಕೊನೆಯಲ್ಲಿ ನಿಮ್ಮಮ್ಮನನ್ನೂ ಕೇಳಿದ್ದಾಳೆ. "ನನ್ನ ಗುಬ್ಬಿ ಇನ್ನೂ ಕೋಪದಲ್ಲೇ ಇದ್ದಾಳಾ?" ಎಂದು. ಏನು ಬರೆಯಲಿ ಎಂದು ನಿಮ್ಮಮ್ಮನನ್ನು ಕೇಳಿ ತಿಳಿಸು. ಕೇಳಬೇಕಾಗಿಲ್ಲ, ಅವಳೇ ಓದಿರುತ್ತಾಳೆ.

ನನ್ನದು ಒಂದೇ ಷರತ್ತು. ಮುಂದಿನ ಸೀಟು ನನ್ನದು. ಹಿಂದೆ ಸಾಮಾನಿನ ಜೊತೆ ಕೂರಲು ನಾನು ಗೋಣಿಚೀಲವಲ್ಲ.

ಪೆಟ್ಟಿಗೆ ಒರೆಸಿಟ್ಟು ಕಾಯುತ್ತಿರುವ
ನಿನ್ನ ಅಜ್ಜಿ


ಮಾರ್ಚ್ ೧೬

ಕೂಸೇ,

ನಿನ್ನ ಕಾಗದವೂ ನಕ್ಷೆಯೂ ಬಂದವು. ಒಂದು ಬೈಗುಳಕ್ಕೆ ಇಷ್ಟು ದೊಡ್ಡ ನಕ್ಷೆ ಬರುತ್ತದೆಂದು ಗೊತ್ತಿದ್ದರೆ ಮೊದಲೇ ಬೈಯುತ್ತಿದ್ದೆ.

ಅದನ್ನು ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಜಾಗದಲ್ಲಿ ಹಾಸಿ, ನಾಲ್ಕು ಮೂಲೆಗೂ ಕತ್ತರಿ, ಮೇಣದ ಉಂಡೆ, ಸುತ್ತಿಗೆ, ಚಹಾ ಲೋಟ ಇಟ್ಟು ನೋಡಿದೆ. ಸೆಕೆಂಡ್ ಗೇರೂ ಬಂದು ಮಂಡಿಯೂರಿದ. ನಿನಗೆ ಅವನ ನೆನಪಿರಬೇಕು, ಪಕ್ಕದ ಮನೆಯ ಮುದುಕ, ಲಾರಿ ಓಡಿಸುತ್ತಿದ್ದವನು. ಮೆಟ್ಟಿಲು ಹತ್ತುವುದೂ, ಊಟ ಮಾಡುವುದೂ, ಜಗಳವಾಡುವುದೂ ಎಲ್ಲ ಸೆಕೆಂಡ್ ಗೇರಿನಲ್ಲೇ. ಮೊದಲನೇ ದೇಶದಲ್ಲಿ ನದಿಗೆ ಸೇತುವೆ ಇಲ್ಲ, ಗಾಡಿಯನ್ನೇ ದೋಣಿಗೆ ಹತ್ತಿಸಬೇಕು ಎಂದ. ನಕ್ಷೆಯಲ್ಲಿ ಸೇತುವೆ ಇದೆಯಲ್ಲೋ ಎಂದೆ. "ನಾನು ಹೋದಾಗ ಇರಲಿಲ್ಲ" ಎಂದ. ಎರಡನೇ ದೇಶದಲ್ಲಿ ಬರೀ ಉಪ್ಪಿನ ಬಯಲು, ದಾರಿಯೇ ಇಲ್ಲ, ಟೈರಿನ ಗುರುತು ನೋಡಿಕೊಂಡು ಹೋಗಬೇಕು ಎಂದ. ಅಲ್ಲಿ ನಾಲ್ಕು ಸಾಲಿನ ರಸ್ತೆ ಅಂತ ಕೂಸು ಬರೆದಿದ್ದಾಳೆ ಎಂದೆ. "ನನ್ನ ಕೇಳ್ದೆ ಯಾಕೆ ಮಾಡಿದ್ರು?" ಎಂದ. ನಾನೂ ಇಷ್ಟು ವರ್ಷ ಡ್ರೈವರುಗಳ ಮಾತು ಕೇಳಿ ಕೇಳಿ ಆ ದೇಶಗಳನ್ನೆಲ್ಲ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಅರ್ಧಕ್ಕರ್ಧ ಈಗ ಇಲ್ಲವೇ ಇಲ್ಲ ಎಂದು ಕಾಣುತ್ತದೆ. ಇರಲಿ, ಇದ್ದಷ್ಟನ್ನು ನೋಡೋಣ.

ಕಣಿವೆ ದಾರಿಯ ವಿಷಯ ಮಾತ್ರ ನಿನ್ನದೂ ಅವನದೂ ಒಂದೇ ಮಾತು. ಜೂನಿನಲ್ಲಿ ಹಿಮ ಕರಗಿದ ಮೇಲೆ ತೆರೆಯುತ್ತದೆ, ಚಳಿ ಶುರುವಾದರೆ ಮುಚ್ಚುತ್ತದೆ. ಅಷ್ಟರೊಳಗೆ ಹೋಗಿ ಬಂದರೆ ಬಂದಹಾಗೆ. ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ನನ್ನ ತಂಗಿಯ ಕಾಗದದ ಅಕ್ಷರ ಹೋದ ಸಲಕ್ಕಿಂತ ಈ ಸಲ ಚಿಕ್ಕದಾಗಿದೆ. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಪಾಸ್‌ಪೋರ್ಟ್ ಕಚೇರಿಗೂ ಹೋಗಿ ಬಂದೆ. ಕಿಟಕಿಯ ಹಿಂದಿನ ಹುಡುಗಿ ಬಲು ನಯ.

"ಅಜ್ಜಿ, ಹೋಗೋ ಉದ್ದೇಶ ಏನು?"

"ತಂಗೀನ ಬೈಯೋದು."

"ಹಾಗೆ ಬರೆಯೋಕಾಗಲ್ಲ ಅಜ್ಜಿ."

"ಹಾಗಾದ್ರೆ ನೋಡೋದು ಅಂತ ಬರಕೋ ಮಗಾ. ನೋಡಿದ ಮೇಲೆ ಬೈಯದೆ ಇರಕ್ಕಾಗತ್ತಾ?"

ಬಲಗೈ ಬೆರಳುಗಳನ್ನು ಗಾಜಿನ ಮೇಲಿಟ್ಟ ಕೂಡಲೇ ಹಸಿರು ದೀಪ ಹತ್ತಿತು. ಎಡಗೈಗೆ ಕೆಂಪು. "ಚಪ್ಪಟೆ ಇಡಿ ಅಜ್ಜಿ, ಇನ್ನೂ ಚಪ್ಪಟೆ" ಎಂದಳು. ದಬ್ಬಳದ ಮೊನೆ ತಡೆದೂ ತಡೆದೂ ಆ ಕೈಯ ಗೆರೆಗಳೆಲ್ಲ ಸವೆದುಹೋಗಿವೆ, ಅದಕ್ಕೆ ಅಷ್ಟೆ. ಕೊನೆಗೆ ಅವಳೇ ಎದ್ದು ಈಚೆ ಬಂದು ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿದಳು. ದೊಡ್ಡ ವಿಷಯವೇನಲ್ಲ. ಹಾಳೆಯಲ್ಲಿ ಜಾಗ ಉಳಿದಿತ್ತು, ಬರೆದೆ.

ಇನ್ನು ವ್ಯಾನಿನ ಮಾತು. ಅದು ಮೊದಲು ನಿಮ್ಮ ಡ್ರೈವಿಂಗ್ ಸ್ಕೂಲಿನದೇ ಆಗಿತ್ತು, ಎಡಗಡೆಯ ಸೀಟಿನ ಕೆಳಗೂ ಒಂದು ಬ್ರೇಕಿದೆ ಎಂದು ಬರೆದಿದ್ದೀಯ. ಕಿತ್ತು ಹಾಕಿಸು. ನನ್ನ ಕಾಲಡಿಯಲ್ಲಿ ಬ್ರೇಕು ಯಾಕೆ? ನಮ್ಮ ಮನೆಯಲ್ಲಿ ಒತ್ತುವವಳು ಒಬ್ಬಳಿದ್ದಾಳೆ, ಸಾಕು. ಮೊನ್ನೆ ಫೋನಿನಲ್ಲಿ ಏನಂದಳು ಗೊತ್ತೇ? "ಅಮ್ಮಾ, ಈ ವಯಸ್ಸಲ್ಲಿ ನಾಲ್ಕು ದೇಶ ಅಂದ್ರೆ ತಮಾಷೆನಾ? ಮಾತ್ರೆ ತಗೊಂಡ್ಯಾ?" ಎರಡೂ ಒಂದೇ ಉಸಿರಿನಲ್ಲಿ. ನಾನು ಎರಡಕ್ಕೂ ಹೂಂ ಎಂದೆ.

ಆಮೇಲೆ ನೀನು ಬರೆದ ಇನ್ನೊಂದು ಮಾತು. ಮೂರನೇ ದೇಶದಲ್ಲಿ ಎಲ್ಲರೂ ರಸ್ತೆಯ ಬಲಗಡೆ ಓಡಿಸುತ್ತಾರಂತೆ, ನಮ್ಮ ಗಾಡಿಯ ಸ್ಟೇರಿಂಗೂ ಬಲಗಡೆಯೇ ಇರುವುದರಿಂದ ಮುಂದಿನ ಲಾರಿಯನ್ನು ಹಿಂದೆ ಹಾಕುವಾಗ ನಿನಗೆ ಎದುರು ಬರುವುದು ಕಾಣಿಸುವುದಿಲ್ಲವಂತೆ. ಪಕ್ಕದ ಸೀಟಿನವರು ಇಣುಕಿ "ಖಾಲಿ ಇದೆ, ಹೋಗು" ಅನ್ನಬೇಕಂತೆ. ಅದು ನನ್ನ ಕೆಲಸ. ದಬ್ಬಳಕ್ಕೆ ದಾರ ಇವತ್ತಿಗೂ ನಾನೇ ಪೋಣಿಸುತ್ತೇನೆ. ಲಾರಿ ಕಾಣಿಸದೇ ಹೋಗುತ್ತದೆಯೇ?

ಸೀಟುಗಳಿಗೆ ಹೊಸ ಕವರು ನಾನೇ ಹೊಲಿಯುತ್ತೇನೆ. ಅಳತೆ ಕಳಿಸು. ಟೇಪು ಮುಟ್ಟಬೇಡ, ನಿನ್ನ ಗೇಣಿನಲ್ಲೇ ಅಳೆ. ನೀನು ದೊಡ್ಡವಳಾದ ವರ್ಷ ನಿನ್ನ ಕೈ, ನಿಮ್ಮಮ್ಮನ ಕೈ, ನನ್ನ ಕೈ ಮೂರನ್ನೂ ಇದೇ ನೆಲದ ಮೇಲೆ ಚಾಚಿ ಸೀಮೆಸುಣ್ಣದ ಗೆರೆ ಎಳೆದಿದ್ದು ನೆನಪಿದೆಯಾ? ಕೂದಲೆಳೆ ವ್ಯತ್ಯಾಸವಿರಲಿಲ್ಲ. ಅಂಗಡಿಯಲ್ಲಿ ಹುಟ್ಟಿದ ಅಳತೆ ಅದು. ನೀನು ಅಲ್ಲಿ ಹಾಕಿದ ಗೇಣೂ ನಾನು ಇಲ್ಲಿ ಹಾಕುವ ಗೇಣೂ ಒಂದೇ.

ಮೇಣ ಕರಗಿಸುತ್ತಾ ಕೂತಿರುವ
ಅಜ್ಜಿ


ಏಪ್ರಿಲ್ ೨೨

ಕೂಸೇ,

ಕಟ್ಟು ಕಳಿಸಿದ್ದೇನೆ. ಪಾರ್ಸೆಲಿನವನಿಗೆ ಎಸೆಯಬೇಡ ಎಂದರೆ "ಒಡೆಯೋ ಸಾಮಾನಾ?" ಎಂದು ಕೇಳಿದ. "ನನ್ನ ಮನಸ್ಸು" ಎಂದೆ. ಹೆದರಿ ಎರಡು ಕೈಯಲ್ಲಿ ಹಿಡಿದುಕೊಂಡು ಹೋದ.

ಮುಂದಿನ ಎರಡು ಸೀಟಿಗೆ ಕಂದು ರೆಕ್ಸಿನ್ನು, ಬೆನ್ನಿಗೆ ತಾಗುವಲ್ಲಿ ಬಟ್ಟೆ, ಬೆವರು ಹೀರಲಿ ಅಂತ. ಹಿಂದಿನ ಸೀಟಿಗೂ ಒಂದು. ಅಲ್ಲಿ ಕೂರುವವರು ಯಾರೂ ಇಲ್ಲ, ಸಾಮಾನಿಗಾದರೂ ಮರ್ಯಾದೆ ಬೇಡವೇ? ನಿನ್ನ ಗೇಣಿಗೆ ನನ್ನ ಗೇಣು ಇಟ್ಟು ಕತ್ತರಿಸಿದ್ದೇನೆ, ಕವರು ಸೀಟಿನ ಮೇಲೆ ಚರ್ಮದ ಹಾಗೆ ಕೂರುತ್ತದೆ, ನೋಡು. ಹೊಲಿಗೆ ಒಂದೆರಡು ಕಡೆ ಹಾವಾಡಿದ ಹಾಗಿದ್ದರೆ ಅದು ಮಷೀನಿನ ತಪ್ಪು. ವ್ಯಾನಿನ ತಲೆಯ ಮೇಲಿನ ಸಾಮಾನಿಗೆ ಒಂದು ಚಿಕ್ಕ ಟಾರ್ಪಾಲೂ ಹೊಲಿಯಬೇಕು, ಅದು ಇನ್ನೂ ಆಗಿಲ್ಲ. ಆಗುತ್ತದೆ.

ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟ ಹಾಗಿದ್ದೇನೆ. ಗಡಿಯವರು ಹೆದರಿ ಬೇಗ ಬಿಡುತ್ತಾರೆ, ಒಳ್ಳೆಯದೇ ಆಯಿತು. ವ್ಯಾನಿಗೂ ಪಾಸ್‌ಪೋರ್ಟಿನಂಥ ಪುಸ್ತಕ ಬೇಕಂತಲ್ಲ, ಅದು ಎಲ್ಲಿಗೆ ಬಂತು? ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅಜ್ಜಿಗೇ ಎಲ್ಲ ಚಿಂತೆ.

ಕವರು ಹಾಕಿದ ಕೂಡಲೇ ಬರೆ. ಹೊಗಳಿ ಬರೆ.

ಅಜ್ಜಿ


ಮೇ ೪

ಪ್ರೀತಿಯ ಅಜ್ಜಿ,

ಹೊಗಳಿ ಬರೆಯಬೇಕೆಂದೇ ಕೂತಿದ್ದೆ.

ಭಾನುವಾರ ಕಟ್ಟು ಬಿಚ್ಚಿ ನನ್ನ ಸೀಟಿಗೆ ಕವರು ಹಾಕಲು ಹೋದೆ. ಹಿಂದಿನಿಂದ ಎಳೆದರೆ ಮುಂದೆ ಸಾಲುವುದಿಲ್ಲ, ಮುಂದೆ ಎಳೆದರೆ ಹಿಂದೆ ಬಾಯಿ ಬಿಡುತ್ತದೆ. ಒಂದಲ್ಲ, ಮೂರೂ ಹಾಗೆಯೇ. ನಾನು ನಾಲ್ಕು ಗೇಣು ಬರೆದ ಕಡೆಯೆಲ್ಲ ನಿನ್ನ ಕವರು ಮೂರು ಗೇಣಿನ ಆಸುಪಾಸಿನಲ್ಲೇ ನಿಂತಿತ್ತು. ನಾನೇ ತಪ್ಪು ಅಳೆದೆನೇನೋ ಎಂದು ಮತ್ತೆ ಅಳೆದೆ. ಅಮ್ಮ ಡ್ಯೂಟಿ ಮುಗಿಸಿ ಬಂದವಳು ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು.

"ಫೋಮು ಉಬ್ಬಿರಬೇಕು ಅಮ್ಮಾ" ಎಂದೆ.

ಅವಳು ಚಪ್ಪಲಿ ಬಿಟ್ಟು ವ್ಯಾನಿನೊಳಗೆ ಹತ್ತಿದಳು. ಕವರನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಗೆಯಿಂದ ಹೊಲಿಗೆಗೆ ತನ್ನ ಗೇಣು ಹಾಕಿದಳು. ಆಮೇಲೆ ಕೈಯನ್ನು ಸ್ವಲ್ಪ ಮಡಚಿ ಮತ್ತೆ ಹಾಕಿದಳು. ಇನ್ನೂ ಸ್ವಲ್ಪ ಮಡಚಿದಳು. ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಅಂಗೈಯ ಕಡೆಗೆ ಬಾಗಿಸಿಕೊಂಡಾಗ ಗೇಣು ಸರಿಯಾಗಿ ಕೂತಿತು, ಅಜ್ಜಿ. ಉದ್ದಕ್ಕೂ ಸರಿಯಾಗಿ ಕೂತಿತು.

"ಇದು ಅಮ್ಮನ ಗೇಣಲ್ಲ" ಎಂದಳು. ಒಳಗೆ ಹೋಗಿ ನಿನ್ನ ಪಕ್ಕದ ಮನೆಯ ತಾತನಿಗೆ ಫೋನ್ ಮಾಡಿದಳು. ಅವರು ಮೊದಲು ಲೈನು ಸರಿಯಿಲ್ಲ ಎಂದರಂತೆ. ಆಮೇಲೆ ಹೇಳಿದರಂತೆ, "ಎಡಗೈದು ಎರಡು ಬೆರಳು ಮಡಚಿಕೊಂಡು ವರ್ಷದ ಮೇಲಾಯ್ತಮ್ಮ. ಹೇಳಿದ್ರೆ ಕತ್ತರೀಲಿ ನನ್ನ ನಾಲಿಗೆ ಕತ್ತರಿಸ್ತೀನಿ ಅಂದಿದ್ಲು."

ಡಬ್ಬಿ ಲಾರಿ ಬಂತು ಅಂತ ಚಿಕ್ಕಜ್ಜಿಗೆ ಬರೆದೆ. ಗೆರೆ ಸವೆದಿದೆ ಅಂತ ನನಗೆ ಬರೆದೆ. ಅಜ್ಜಿ, ನನಗೆ ಯಾಕೆ ಹೇಳಲಿಲ್ಲ?

ಅಮ್ಮ ಕೈ ಡಾಕ್ಟರರ ಹತ್ತಿರ ಮಾತಾಡಿದ್ದಾಳೆ. ಜೂನಿನಲ್ಲೇ ಆಪರೇಷನ್ ಎನ್ನುತ್ತಾಳೆ. ಪ್ರಯಾಣ ಈ ವರ್ಷ ಬೇಡ ಎನ್ನುತ್ತಾಳೆ. ನಾನು ಅವಳ ಜೊತೆ ಜಗಳವಾಡಲಿಲ್ಲ. ಆಡಬೇಕಿತ್ತೋ ಏನೋ. ಅವಳು ಇವತ್ತೂ ಆ ಕವರನ್ನು ಮಡಚಿ ತನ್ನ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಾಳೆ.

ಕ್ಷಮಿಸು. ಮುಂದಿನ ವರ್ಷ ಖಂಡಿತ.

ನಿನ್ನ ಮೊಮ್ಮಗಳು


ಮೇ ೧೧

ಕೂಸೇ,

ನಿನ್ನ ಕಾಗದ ಬಂತು. ಓದಿದೆ.

ಸೆಕೆಂಡ್ ಗೇರಿನ ಜೊತೆ ಮಾತು ಬಿಟ್ಟಿದ್ದೇನೆ. ಬಾಗಿಲ ಹೊರಗೆ ನಿಂತು ಕೆಮ್ಮುತ್ತಾನೆ. ಕೆಮ್ಮಲಿ.

ನಕ್ಷೆಯನ್ನು ಸುತ್ತಿ ಅಟ್ಟದ ಮೇಲಿಟ್ಟೆ.

ಅಜ್ಜಿ


ಮೇ ೨೩

ಮಗಳೇ,

ಈ ಸಲ ಕೆಟಲು ಒಲೆಯ ಮೇಲಿಡುವ ಕಷ್ಟ ಬೇಡ. ಲಕೋಟೆಯ ಮೇಲೆ ಇರುವುದು ನಿನ್ನ ಹೆಸರೇ. ಕೂತುಕೊಂಡು ಓದು. ನಿಂತುಕೊಂಡು ಓದಿದರೆ ನೀನು ಅರ್ಧಕ್ಕೇ ಅಡುಗೆಮನೆಗೆ ಓಡುತ್ತೀಯ, ನನಗೆ ಗೊತ್ತು.

ಸೆಕೆಂಡ್ ಗೇರಿನ ಜೊತೆ ರಾಜಿಯಾಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಯಾರಾದರೂ ಬೇಕಿತ್ತು. ಹೌದು, ನಾನೇ ಹೋದೆ. ಆತ ನನ್ನ ಎಡಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಡಿ ಎಂದ. ಇಡಲು ಬರುತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಎಂದೆ. ನಕ್ಕ. ಒಳ್ಳೆಯವನು.

"ಅಂಗೈ ಒಳಗಿನ ನಾರು ಗಟ್ಟಿಯಾಗಿ ಬೆರಳನ್ನ ಎಳ್ಕೊಂಡಿದೆ ಅಮ್ಮಾ. ಇಷ್ಟು ದಿನ ಯಾಕೆ ಬರಲಿಲ್ಲ?"

"ಕೈ ಕೆಲಸದಲ್ಲಿತ್ತು."

"ನೋವಿದೆಯಾ?"

"ನೋವಿಲ್ಲ. ಬರೀ ಹಟ."

"ಆಪರೇಷನ್ ಮಾಡಿದ್ರೆ ಬಿಚ್ಚಿಕೊಳ್ಳತ್ತೆ. ಪೂರ್ತಿ ಅಲ್ಲದಿದ್ರೂ ಬಹುಪಾಲು."

"ಚಳಿಗಾಲದ ತನಕ ಕಾದ್ರೆ ಕೈ ಉದುರಿ ಹೋಗತ್ತಾ?"

"ಉದುರಲ್ಲ. ಕಾಯಬಹುದು. ಈಗಲೇ ಮಾಡಿಸಿಕೊಂಡ್ರೆ ಪಟ್ಟಿ ಕಟ್ಟಿ, ಬೆರಳಿಗೆ ವ್ಯಾಯಾಮ ಕೊಟ್ಟು, ಸರಿಹೋಗೋ ಹೊತ್ತಿಗೆ ಚಳಿಗಾಲ ಬಂದಿರತ್ತೆ."

ಅಂದರೆ ಕಣಿವೆ ಮುಚ್ಚಿರುತ್ತದೆ. ಆತನ ಚೀಟಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಮಾತು ನಂಬುವ ಕಾಲ ಮುಗಿಯಿತು ಎಂದು ನೀನು ಅನ್ನುತ್ತೀಯ, ಅದಕ್ಕೆ. ಓದಿ ನೋಡು, ನಿಮ್ಮ ಭಾಷೆಯಲ್ಲೇ ಇದೆ.

ಯಾಕೆ ಹೇಳಲಿಲ್ಲ ಎಂದು ಕೂಸು ಕೇಳಿದ್ದಾಳೆ. ಹೇಳಿದ್ದರೆ ನೀನು ಬ್ರೇಕು ಒತ್ತುತ್ತಿದ್ದೆ. ಒತ್ತಿದೆ ತಾನೇ? ಗೇಣು ಕುಗ್ಗಿದೆ ಎಂದು ನನಗೂ ಗೊತ್ತಿತ್ತು. ರೆಕ್ಸಿನ್ನಿನ ಮೇಲೆ ಬೆರಳನ್ನು ಎಳೆದು ಎಳೆದು ಇಟ್ಟೆ, ಸಾಲುತ್ತದೆ ಅಂದುಕೊಂಡೆ. ಇಷ್ಟು ಕಾಲ ಸುಳ್ಳು ಹೇಳದ ಕೈ, ಒಂದು ಸಲ ಹೇಳಿದರೆ ಯಾರಿಗೆ ತಿಳಿಯುತ್ತದೆ ಅಂದುಕೊಂಡೆ. ಆ ಗೇಣನ್ನು ನೀನು ನಿನ್ನ ಕೈಯಲ್ಲಿ ಇನ್ನೂ ಇಟ್ಟುಕೊಂಡಿದ್ದೀಯ ಎನ್ನುವುದನ್ನು ಮರೆತಿದ್ದೆ. ಆ ಭಾಗವನ್ನು ಮಾತ್ರ ಕೂಸಿನ ಕಾಗದದಲ್ಲಿ ಮತ್ತೆ ಮತ್ತೆ ಓದಿದೆ.

ಈಗ ಬ್ರೇಕಿನ ವಿಷಯಕ್ಕೇ ಬರೋಣ.

ನಿನ್ನ ಚಿಕ್ಕಮ್ಮ ಹೊರಟ ದಿನ ನಿನಗೆ ನೆನಪಿಲ್ಲ ಎಂದು ನೀನು ಹೇಳುತ್ತೀಯ. ನನಗಿದೆ. ನಾನು ಮಷೀನಿನ ಮುಂದೆ ಇರುತ್ತಿದ್ದೆ, ನೀನು ಯಾವಾಗಲೂ ಅವಳ ಸೊಂಟದ ಮೇಲೆ ಇರುತ್ತಿದ್ದೆ. ಹಸಿವಾದರೆ ಅವಳು, ನಿದ್ದೆ ಬಂದರೆ ಅವಳು, ಬಿದ್ದರೆ ಅವಳು. ನನ್ನನ್ನು ಅಮ್ಮ ಎಂದು ಕರೆಯುತ್ತಿದ್ದದ್ದು ಬೇರೆಯವರು ಹೇಳಿಕೊಟ್ಟಿದ್ದಕ್ಕೆ. ಲಾರಿ ಹೊರಡುವಾಗ ನೀನು ಹಿಂದಿನಿಂದ ಓಡಿಹೋಗಿ ಟಾರ್ಪಾಲಿನ ಹಗ್ಗ ಹಿಡಿದುಬಿಟ್ಟೆ. ಅಡ್ಡೆಯವರೆಲ್ಲ ಕೂಗಿದರು. ಲಾರಿ ನಿಂತಿತು. ಲಾರಿ ಓಡಿಸುತ್ತಿದ್ದ ನಿನ್ನ ಚಿಕ್ಕಪ್ಪ ಇಳಿದು ಬಂದು ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಷ್ಟು ದೊಡ್ಡ ಲಾರಿಯನ್ನು ನಿಲ್ಲಿಸಿದ ಹುಡುಗಿ ನೀನು. ಬಿಡಿಸಿದ ಮೇಲೆ ಅಳಲೂ ಇಲ್ಲ. ಅಂದಿನಿಂದ ಯಾರು ಮನೆಯಿಂದ ಹೊರಟರೂ ನೀನು ಹಗ್ಗ ಹಿಡಿಯುವವಳೇ. "ಮಾತ್ರೆ ತಗೊಂಡ್ಯಾ" ಎನ್ನುವುದೂ ಅದೇ ಹಗ್ಗ, ನನಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಅವಳು ನಿನಗೆ ಬರೆದ ಕಾಗದಗಳಿಗೆ ನೀನು ಒಂದಕ್ಕೂ ಉತ್ತರ ಹಾಕಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಗುಬ್ಬಿ ಇನ್ನೂ ಕೋಪದಲ್ಲೇ ಇದ್ದಾಳಾ ಎಂದು ಅವಳು ಕೇಳಿದ್ದನ್ನು ಫೆಬ್ರವರಿಯಲ್ಲೇ ಬರೆದಿದ್ದೆ. ನೀನು ಓದಿದ್ದೀಯ. ಕದ್ದು ಓದಿದ್ದಕ್ಕೆ ಉತ್ತರ ಬರೆಯಬಾರದು ಎಂದು ಕಾನೂನೇನೂ ಇಲ್ಲ.

ಆದ್ದರಿಂದ ನಾನು ಒಂದು ತೀರ್ಮಾನ ಮಾಡಿದ್ದೇನೆ. ಸಲಹೆಯಲ್ಲ, ತೀರ್ಮಾನ.

ಎಡಗಡೆಯ ಮುಂದಿನ ಸೀಟು ನಿನ್ನದು. ಬ್ರೇಕು ಕಿತ್ತು ಹಾಕಿಸಬೇಡ ಎಂದು ಕೂಸಿಗೆ ಹೇಳು. ನಿನ್ನಷ್ಟು ಚೆನ್ನಾಗಿ ಅದನ್ನು ಒತ್ತುವವರು ಬೇರೆ ಯಾರಿದ್ದಾರೆ? ಭಯವಾದಾಗೆಲ್ಲ ಒತ್ತು, ಯಾರೂ ಬೈಯುವುದಿಲ್ಲ. ಆ ಬಲಗಡೆ ಓಡಿಸುವ ದೇಶದಲ್ಲಿ ಎದುರು ಬರುವುದನ್ನು ನೋಡಿ ಹೇಳಲು ನನಗಿಂತ ನಿನ್ನ ಕಣ್ಣು ವಾಸಿ. ದಬ್ಬಳಕ್ಕೆ ದಾರ ಈಚೆಗೆ ಸೆಕೆಂಡ್ ಗೇರು ಪೋಣಿಸಿ ಕೊಡುತ್ತಾನೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಆದರೆ ಒಂದು ಮಾತು. ಆ ಸೀಟಿನಲ್ಲಿ ಕೂತವಳು "ನಿಲ್ಲು" ಎನ್ನುವುದಷ್ಟೇ ಅಲ್ಲ, "ಖಾಲಿ ಇದೆ, ಹೋಗು" ಎಂದೂ ಹೇಳಬೇಕು. ಅದನ್ನು ಕಲಿಯಲು ನಿನಗೆ ಎರಡು ದೇಶ ದಾಟುವಷ್ಟು ಹೊತ್ತಿದೆ.

ನಾನು ಹಿಂದೆ ಕೂರುತ್ತೇನೆ. ಗೋಣಿಚೀಲವಲ್ಲ ಎಂದಿದ್ದೆ, ಗೊತ್ತು. ಬಾಯಿರುವ ಗೋಣಿಚೀಲ ಎಂದುಕೊಳ್ಳಿ. ಹಿಂದಿನ ಸೀಟಿನಲ್ಲಿ ಕಾಲು ಚಾಚಬಹುದು, ಇಬ್ಬರ ಜುಟ್ಟೂ ಕೈಗೆ ಸಿಗುತ್ತದೆ. ಕೈಯ ಆರೈಕೆ, ಮಾತ್ರೆ, ನೀನು ಏನು ಹೇಳಿದರೂ ಕೇಳುತ್ತೇನೆ. ವಾಪಸು ಬಂದ ವಾರವೇ ಆ ಡಾಕ್ಟರ ಮುಂದೆ ಕೈ ಚಾಚುತ್ತೇನೆ, ಚಾಚಿದಷ್ಟು. ಆಸ್ಪತ್ರೆಯಲ್ಲಿ ನಿನಗೆ ರಜ ಸಿಗುವುದಿಲ್ಲ ಎನ್ನಬೇಡ. ರಜವನ್ನು ತೆಗೆದುಕೊಳ್ಳದೇ ಕೂಡಿಹಾಕಿ ಮೊಟ್ಟೆ ಇಡಿಸುತ್ತೀಯಾ ಎಂದು ನಿಮ್ಮ ದೊಡ್ಡ ನರ್ಸೇ ನಿನ್ನನ್ನು ಕೇಳಿದ್ದಳಂತೆ, ಕೂಸು ಹೇಳಿದ್ದಾಳೆ.

ನೀವಿಬ್ಬರೂ ಬರದಿದ್ದರೂ ಈ ವರ್ಷವೇ ಹೋಗುತ್ತೇನೆ, ಸೆಕೆಂಡ್ ಗೇರಿನ ಪಕ್ಕ ಕೂತಾದರೂ ಹೋಗುತ್ತೇನೆ. ಅವನು ಓಡಿಸಿದರೆ ತಲುಪುವ ಹೊತ್ತಿಗೆ ಮತ್ತೆ ಹಿಮ ಬಿದ್ದಿರುತ್ತದೆ, ಅಷ್ಟೆ. ಆದರೆ ನಿನ್ನ ಚಿಕ್ಕಮ್ಮ ನನ್ನನ್ನು ಕೇಳಿದ್ದು ಬದುಕಿದ್ದೀಯಾ ಎಂದು. ನಿನ್ನನ್ನು ಕೇಳಿದ್ದು ಕೋಪ ಇದೆಯಾ ಎಂದು. ಮೊದಲನೆಯದಕ್ಕೆ ನಾನು ಹೋಗಿ ನಿಂತರೆ ಸಾಕು. ಎರಡನೆಯದಕ್ಕೆ ನಾನು ಹೇಗೆ ಉತ್ತರ ಕೊಡಲಿ?

ಕವರುಗಳನ್ನು ವಾಪಸು ಕಳಿಸು, ಬಿಚ್ಚಿ ಹೊಲಿಯುತ್ತೇನೆ. ಚಿಕ್ಕ ಟಾರ್ಪಾಲು ನಿನ್ನೆ ಶುರುಮಾಡಿದೆ. ಮೂಲೆಗೆ ಕೆಂಪು ದಾರ ಹಾಕಿದ್ದೇನೆ, ಸೊಟ್ಟಗಿದೆ, ಆದರೂ ದೂರದಿಂದ ಕಾಣುತ್ತದೆ. ಅವಳು ಅಂಗಡಿಯ ಮುಂದೆ ಕೂತು ದಾರಿ ನೋಡುತ್ತಿದ್ದರೆ ಹಾರ್ನ್ ಕೇಳಿಸುವುದಿಲ್ಲ. ದಾರ ಕಾಣಿಸುತ್ತದೆ.

ಕವರಿನ ಅಳತೆಗೆ ನನ್ನ ಗೇಣು ಇನ್ನು ಸಾಲುವುದಿಲ್ಲ. ಈ ಲಕೋಟೆಯಲ್ಲಿ ಕೆಂಪು ದಾರದ ಸುರುಳಿ ಇಟ್ಟಿದ್ದೇನೆ. ನಿನ್ನ ಎಡಗೈಯನ್ನು ಪೂರ್ತಿ ಚಾಚಿ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ದಾರ ಹಿಡಿದು ಕತ್ತರಿಸಿ ನನಗೆ ಕಳಿಸು. ಇನ್ನು ಮೇಲೆ ಅದನ್ನೇ ಅಳತೆಗೆ ಇಟ್ಟುಕೊಂಡು ಹೊಲಿಯುತ್ತೇನೆ. ಬರೆಯಲು ನಿನಗೆ ಮಾತು ಬಾರದಿದ್ದರೆ ದಾರ ಮಾತ್ರ ಹಾಕು, ಬರುತ್ತೀಯ ಎಂದು ತಿಳಿದುಕೊಳ್ಳುತ್ತೇನೆ. ಬರುವುದಿಲ್ಲವಾದರೆ ಮಾತ್ರ ಬರೆಯಬೇಕು, ಅದೂ ಕಾರಣ ಸಮೇತ, ಅಕ್ಷರ ಗುಂಡಾಗಿ. ನಿನಗೆ ಬರೆಯಲು ಬೇಜಾರೆಂದು ನನಗೆ ಚೆನ್ನಾಗಿ ಗೊತ್ತು.

ಕಣಿವೆ ಯಾರಿಗೂ ಕಾಯುವುದಿಲ್ಲ. ಈ ತಿಂಗಳು ಮುಗಿದು ಮುಂದಿನ ತಿಂಗಳು ಬಾಗಿಲು ತಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು. ಬಲಗೈಯಲ್ಲಾದರೂ ಸರಿ, ಎಡಗೈಯಲ್ಲಾದರೂ ಸರಿ. ಅಂಚೆ ಕಚೇರಿ ನಿನ್ನ ಆಸ್ಪತ್ರೆಯ ಎದುರಿಗೇ ಇದೆ, ನೆಪ ಹೇಳಬೇಡ. ಎದ್ದು ಕತ್ತರಿ ತೆಗೆದುಕೋ.

ನಿನ್ನ ಅಮ್ಮ